ಹುಟ್ಟಿಸಿದವನೇ ಕೈಬಿಟ್ಟಾಗ...

ಹೊರಗೆ ಗುಡುಗು, ಸಿಡಿಲು, ಬಿರುಗಾಳಿ. ಪಾಳು ಗೋಪುರವೊಂದರ ಒಳಗೆ ಚಟಪಟನೆ ಕಿಡಿ ಕಾರುವ ಯಂತ್ರಗಳು. ನಡುವೆ ಒಂದು ಮೇಜು. ಅದರ ಮೇಲೆ ಬಟ್ಟೆ ಹೊದಿಸಿದ ಒಂದು ದೇಹ. ಸರಪಳಿಗಳು ಕರಕರ ಸದ್ದು ಮಾಡುತ್ತಾ ಮೇಜನ್ನು ಛಾವಣಿಯ ಕಿಂಡಿಯವರೆಗೆ ಎತ್ತುತ್ತವೆ. ಮಿಂಚು ಹೊಡೆಯುತ್ತದೆ. ಮೇಜು ಕೆಳಗಿಳಿದಾಗ ಆ ದೇಹದ ಕೈ ಮೆಲ್ಲನೆ ಅಲುಗುತ್ತದೆ. ಯುವ ವಿಜ್ಞಾನಿ ಜೀವ ಬಂತೆಂದು ಹುಚ್ಚು ಹಿಡಿದವನಂತೆ ಕಿರುಚುತ್ತಾನೆ!

1931ರ ನವೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಫ್ರಾಂಕನ್‌ಸ್ಟೈನ್’ ಚಿತ್ರದ ದೃಶ್ಯವಿದು. ಚಿತ್ರವನ್ನು ನೋಡದವರಿಗೂ ಈ ದೃಶ್ಯ ಗೊತ್ತು. ‘ಹುಚ್ಚು ವಿಜ್ಞಾನಿ’ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಇದೇ ಗೋಪುರ, ಇದೇ ಕಿಡಿ, ಇದೇ ಕೂಗು. 1978ರಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದಾಗ, 1996ರಲ್ಲಿ ಡಾಲಿ ಎಂಬ ತದ್ರೂಪಿ ಕುರಿ ಜನಿಸಿದಾಗ, ಈಗ ಕೃತಕ ಬುದ್ಧಿಮತ್ತೆಯ ಮಾತು ಬಂದಾಗ, ಪ್ರತಿ ಸಲವೂ ಫ್ರಾಂಕನ್‌ಸ್ಟೈನ್ ಹೆಸರು ಎದ್ದು ಬರುತ್ತದೆ. ಮನುಷ್ಯ ದೇವರ ಕೆಲಸಕ್ಕೆ ಕೈಹಾಕಬಾರದು ಎಂಬುದೇ ಈ ಕಥೆಯ ನೀತಿ ಎಂದು ಬಹುಮಂದಿ ತಿಳಿದಿದ್ದಾರೆ. ಆದರೆ ಹಳೆಯ ಚಿತ್ರಗಳನ್ನು ಗಮನವಿಟ್ಟು ನೋಡಿದರೆ ಬೇರೊಂದು ನೀತಿ ಕಾಣುತ್ತದೆ.

ಬೇಸಿಗೆಯೇ ಬಾರದ ವರ್ಷ

ಕಥೆಯ ಬೇರು ಇರುವುದು 1816ರಲ್ಲಿ. ಅದರ ಹಿಂದಿನ ವರ್ಷ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, ಆಕಾಶಕ್ಕೇರಿದ ಧೂಳು ಮತ್ತು ಅನಿಲ ಬಿಸಿಲನ್ನು ತಡೆದಿತ್ತು. ಯೂರೋಪಿಗೆ ಆ ವರ್ಷ ಸರಿಯಾದ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಯಿಂದ ಹೊರಗೆ ಕಾಲಿಡಲಾಗದೆ ಕುಳಿತಿದ್ದ ಕವಿ ಬೈರನ್ ಮತ್ತು ಗೆಳೆಯರು, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ಪಂದ್ಯ ಹೂಡಿದರು. ಅವರಲ್ಲಿದ್ದ 18 ವರ್ಷದ ಮೇರಿಗೆ ಹೊಳೆದದ್ದೇ ಈ ಕಥೆ. ಕವಿ ಶೆಲ್ಲಿಯ ಪತ್ನಿಯಾದ ಈಕೆಯ ಕಾದಂಬರಿ 1818ರಲ್ಲಿ ಲೇಖಕಿಯ ಹೆಸರಿಲ್ಲದೆಯೇ ಪ್ರಕಟವಾಯಿತು.

ಆಗ ವಿದ್ಯುತ್ತು ಎಲ್ಲರ ಬಾಯಲ್ಲೂ ಇದ್ದ ಹೊಸ ಸೋಜಿಗ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಸೆಟೆಯುವುದನ್ನು ತೋರಿಸಿದ್ದ. ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿಸಿದ ಅಪರಾಧಿಯೊಬ್ಬನ ಶವಕ್ಕೆ ವಿದ್ಯುತ್ತು ಹರಿಸಿದ. ಶವದ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು. ನೋಡಿದವರಿಗೆ ಹೇಗಾಗಿರಬೇಡ!

ಮೇರಿಯ ಕಾದಂಬರಿಯಲ್ಲಿ ಗೋಪುರವೂ ಇಲ್ಲ, ಸಿಡಿಲು ಹಿಡಿಯುವ ಮೇಜೂ ಇಲ್ಲ. ವಿಕ್ಟರ್ ಫ್ರಾಂಕನ್‌ಸ್ಟೈನ್ ಎಂಬ ವಿದ್ಯಾರ್ಥಿ ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಜೀವಿಯೊಂದನ್ನು ಸೃಷ್ಟಿಸುತ್ತಾನೆ. ಅದು ಕಣ್ಣು ಬಿಟ್ಟ ಗಳಿಗೆಯಲ್ಲೇ ಅದರ ರೂಪಕ್ಕೆ ಹೇಸಿ ಓಡಿಹೋಗುತ್ತಾನೆ. ಹೆಸರನ್ನೂ ಇಡುವುದಿಲ್ಲ. ಫ್ರಾಂಕನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರೆಂದು ಇಂದಿಗೂ ಎಷ್ಟೋ ಜನ ನಂಬಿದ್ದಾರೆ. ಅದು ಸೃಷ್ಟಿಸಿದವನ ಹೆಸರು. ಸೃಷ್ಟಿಯಾದವನು ಕೊನೆಯವರೆಗೂ ಅನಾಮಿಕ.

ಕಡಾಯಿಯಿಂದ ಯಂತ್ರಕ್ಕೆ

ಬೆಳ್ಳಿತೆರೆಗೆ ಈ ಕಥೆ ಮೊದಲು ಬಂದದ್ದು 1910ರಲ್ಲಿ, ಥಾಮಸ್ ಎಡಿಸನ್ನನ ಕಂಪನಿಯ ಕಿರು ಮೂಕಿಚಿತ್ರವಾಗಿ. ಬಲ್ಬಿನ ಎಡಿಸನ್ನನ ಕಂಪನಿಯಾದರೂ ಅಲ್ಲಿ ವಿದ್ಯುತ್ತಿನ ಸುಳಿವಿಲ್ಲ! ರಾಸಾಯನಿಕಗಳು ಕುದಿಯುವ ಕಡಾಯಿಯಿಂದ ಜೀವಿ ಎದ್ದುಬರುತ್ತದೆ. ಗೊಂಬೆಯೊಂದನ್ನು ಸುಟ್ಟು, ಅದರ ಚಿತ್ರಣವನ್ನು ಹಿಂದುಮುಂದಾಗಿ ಓಡಿಸಿ ಈ ಚಮತ್ಕಾರ ಮಾಡಿದ್ದರು.

1927ರ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ನಲ್ಲಿ ವಿಜ್ಞಾನಿ ಯಂತ್ರಗಳ ನಡುವೆ ಬಂದು ನಿಂತ. ನಿರ್ದೇಶಕ ಫ್ರಿಟ್ಸ್ ಲಾಂಗ್‌ನ ಈ ಚಿತ್ರದಲ್ಲಿ ರೋಟ್‌ವಾಂಗ್ ಎಂಬ ಸಂಶೋಧಕ, ಸತ್ತುಹೋದ ತನ್ನ ಪ್ರೇಯಸಿಯ ಜಾಗಕ್ಕೆ ಲೋಹದ ಹೆಣ್ಣೊಂದನ್ನು ನಿರ್ಮಿಸುತ್ತಾನೆ. ಆ ಕೆಲಸದಲ್ಲಿ ಅವನ ಒಂದು ಕೈಯೇ ಹೋಗಿದೆ. ಅಲ್ಲಿರುವುದು ಕಪ್ಪು ಗವಸು ತೊಟ್ಟ ಕೃತಕ ಕೈ. ಲೋಹದ ಬೊಂಬೆಯ ಸುತ್ತ ಬೆಳಕಿನ ಬಳೆಗಳು ಮೇಲೆ ಕೆಳಗೆ ಚಲಿಸುತ್ತಾ ಅದಕ್ಕೆ ಮರಿಯಾ ಎಂಬ ತರುಣಿಯ ರೂಪ ಬರುವ ದೃಶ್ಯ ಮುಂದೆ ಎಷ್ಟೋ ಚಿತ್ರಗಳಿಗೆ ಮಾದರಿಯಾಯಿತು.

ಪ್ರಶ್ನಾರ್ಥಕ ಚಿಹ್ನೆಯ ನಟ

ನಾಲ್ಕು ವರ್ಷಗಳ ನಂತರ ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆಯ ಸರದಿ. ನಿರ್ದೇಶಕ ಜೇಮ್ಸ್ ವೇಲ್. ವಿಜ್ಞಾನಿಯಾಗಿ ಕಾಲಿನ್ ಕ್ಲೈವ್. ಕಾದಂಬರಿಯ ವಿಕ್ಟರ್ ಇಲ್ಲಿ ಹೆನ್ರಿ ಆದ. ಆರಂಭದ ನಾಮಾವಳಿಯಲ್ಲಿ ರಾಕ್ಷಸನ ಪಾತ್ರಧಾರಿಯ ಹೆಸರಿನ ಜಾಗದಲ್ಲಿದ್ದುದು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ! ಆತ ಬೋರಿಸ್ ಕಾರ್ಲಾಫ್. ಲಂಡನ್ನಿನಲ್ಲಿ ಹುಟ್ಟಿದ ಈತನ ನಿಜನಾಮ ವಿಲಿಯಂ ಹೆನ್ರಿ ಪ್ರಾಟ್. ತಂದೆ ಭಾರತದಲ್ಲಿ ಬ್ರಿಟಿಷ್ ಸರ್ಕಾರದ ಉಪ್ಪಿನ ತೆರಿಗೆ ಇಲಾಖೆಯಲ್ಲಿದ್ದವರು. ವಂಶದಲ್ಲಿ ಭಾರತೀಯ ರಕ್ತವೂ ಬೆರೆತಿತ್ತು.

ಚಪ್ಪಟೆ ನೆತ್ತಿ, ಭಾರವಾದ ರೆಪ್ಪೆ, ಕುತ್ತಿಗೆಯ ಎರಡೂ ಕಡೆ ವಿದ್ಯುದಗ್ರ – ಇದು ಪ್ರಸಾಧನ ಕಲಾವಿದ ಜ್ಯಾಕ್ ಪಿಯರ್ಸ್‌ನ ಕೈಚಳಕ. ದಿನವೂ ಸುಮಾರು ನಾಲ್ಕು ಗಂಟೆ ಹಿಡಿಯುತ್ತಿದ್ದ ಬಣ್ಣಗಾರಿಕೆ ಅದು. ಪ್ರಯೋಗಶಾಲೆಯ ಕಿಡಿಗಳನ್ನು ಒದಗಿಸಿದವನು ಕೆನೆತ್ ಸ್ಟ್ರಿಕ್‌ಫಾಡನ್. ಆ ಯಂತ್ರಗಳನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ. 1974ರಲ್ಲಿ ಮೆಲ್ ಬ್ರೂಕ್ಸ್ ಇದೇ ಕಥೆಯನ್ನು ಹಾಸ್ಯಚಿತ್ರವಾಗಿ ತೆಗೆದಾಗ ಅವೇ ಯಂತ್ರಗಳು ಮತ್ತೆ ಕಿಡಿ ಕಾರಿದವು.

ಸರೋವರದ ದಂಡೆಯ ಮಗು

ಜೀವ ಬಂದ ಮೇಲೆ ಆ ಜೀವಿ ಮಾಡುವ ಮೊದಲ ಕೆಲಸವೇನು ಗೊತ್ತೆ? ಹೆನ್ರಿ ಮೇಲಿನ ಕಿಂಡಿ ತೆರೆದಾಗ ಒಳಗೆ ಬಿದ್ದ ಬೆಳಕನ್ನು ಹಿಡಿಯಲು ಎರಡೂ ಕೈ ಚಾಚುತ್ತದೆ, ಚಂದ್ರನಿಗೆ ಕೈಚಾಚುವ ಎಳೆಗೂಸಿನ ಹಾಗೆ. ಕಿಂಡಿ ಮುಚ್ಚುತ್ತದೆ. ಅನಂತರ ಸಿಗುವುದು ಸಹಾಯಕ ಫ್ರಿಟ್ಸ್‌ನ ಪಂಜಿನ ಬೆಂಕಿ, ಸರಪಳಿ ಮತ್ತು ಚಾವಟಿ. ಹೆನ್ರಿ ಕೈಚೆಲ್ಲುತ್ತಾನೆ. ಅವನ ಗುರು ಆ ಜೀವಿಯನ್ನು ಕೊಯ್ದು ಮುಗಿಸಲು ಸಿದ್ಧನಾಗುತ್ತಾನೆ. ಅಷ್ಟಾದ ಮೇಲೆ ಅದು ತಿರುಗಿಬಿದ್ದರೆ ಆಶ್ಚರ್ಯವೇನು?

ತಪ್ಪಿಸಿಕೊಂಡು ಹೋಗುವಾಗ ಸರೋವರದ ದಂಡೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಸಿಗುತ್ತಾಳೆ. ಅವಳಿಗೆ ಹೆದರಿಕೆಯಿಲ್ಲ. ಇಬ್ಬರೂ ಕುಳಿತು ನೀರಿಗೆ ಹೂ ಎಸೆದು ಅವು ತೇಲುವುದನ್ನು ನೋಡಿ ನಲಿಯುತ್ತಾರೆ. ಹೂ ಮುಗಿದಾಗ, ಹುಡುಗಿಯೂ ತೇಲುತ್ತಾಳೆಂದುಕೊಂಡು ಅವಳನ್ನೇ ಎತ್ತಿ ನೀರಿಗೆ ಹಾಕುತ್ತದೆ. ಅವಳು ಮುಳುಗಿದಾಗ ಗಾಬರಿಯಿಂದ ಒದ್ದಾಡುತ್ತದೆ. ಇದನ್ನು ಕ್ರೂರವೆಂದು ಬಗೆದು ಸೆನ್ಸಾರಿನವರು ಕತ್ತರಿ ಹಾಕಿದರು. ಪರಿಣಾಮವೇನು? ಜೀವಿ ಹುಡುಗಿಯ ಕಡೆಗೆ ಕೈ ಚಾಚುವುದು, ಬಳಿಕ ತಂದೆ ಮಗಳ ಶವವನ್ನು ಹೊತ್ತು ಊರಿಗೆ ಬರುವುದು – ಇಷ್ಟೇ ಉಳಿಯಿತು. ನಡುವೆ ನಡೆದದ್ದನ್ನು ಪ್ರೇಕ್ಷಕರು ಇನ್ನೂ ಘೋರವಾಗಿಯೇ ಊಹಿಸಿಕೊಂಡರು. ಆ ತುಣುಕು ಚಿತ್ರಕ್ಕೆ ಮರಳಿ ಸೇರಿದ್ದು 1980ರ ದಶಕದಲ್ಲಿ. ಒಂದು ಮಗುವಿನ ಅಜ್ಞಾನ ಅಷ್ಟು ವರ್ಷ ರಾಕ್ಷಸನ ದುಷ್ಟತನವಾಗಿ ಉಳಿದಿತ್ತು.

ಇದನ್ನು ಭಸ್ಮಾಸುರನ ಕಥೆಗೆ ಹೋಲಿಸುವುದುಂಟು. ಹೋಲಿಕೆ ಅಷ್ಟು ಸರಿಯಲ್ಲ. ಭಸ್ಮಾಸುರ ವರ ಪಡೆದ ಕೂಡಲೇ ಕೊಟ್ಟವನ ತಲೆಗೇ ಕೈಯಿಡಲು ಹೊರಟವನು. ಇಲ್ಲಿ ಕೈ ಚಾಚಿದ್ದು ಆಸರೆಗಾಗಿ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?’ ಎಂದು ನಮ್ಮ ಗಾದೆ ಕೇಳುತ್ತದೆ. ದೇವರಾಗಲು ಹೊರಟ ಹೆನ್ರಿ ಹುಟ್ಟಿಸುವ ಅರ್ಧವನ್ನು ಮಾತ್ರ ಕಲಿತಿದ್ದ, ಸಾಕುವ ಅರ್ಧವನ್ನು ಮರೆತಿದ್ದ. ಇದೇ ವೇಲ್ 1935ರಲ್ಲಿ ತೆಗೆದ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ನಲ್ಲಿ ಕುರುಡ ಸನ್ಯಾಸಿಯೊಬ್ಬ ಅದೇ ಜೀವಿಗೆ ಊಟವಿಟ್ಟು ಪಿಟೀಲು ಕೇಳಿಸುತ್ತಾನೆ. ಅವನ ಬಳಿ ಅದು ಮಾತು ಕಲಿಯುತ್ತದೆ, ಕಣ್ಣೀರು ಹಾಕುತ್ತದೆ. ಜೀವಿ ಅದೇ, ನೋಡಿಕೊಂಡ ಕೈ ಬೇರೆ.

ಕಿಡಿಯಿಂದ ಜೀವ ಬರುವುದೆ?

ಶವಕ್ಕೆ ವಿದ್ಯುತ್ತು ಹರಿಸಿದರೆ ಜೀವ ಬರುವುದಿಲ್ಲ. ಸತ್ತ ಸ್ವಲ್ಪ ಹೊತ್ತಿನವರೆಗೆ ಸ್ನಾಯುಕೋಶಗಳಲ್ಲಿ ಒಂದಿಷ್ಟು ಶಕ್ತಿ ಉಳಿದಿರುತ್ತದೆ. ವಿದ್ಯುತ್ತು ತಾಗಿದಾಗ ಅವು ಸಂಕುಚಿಸುತ್ತವೆ, ಅಷ್ಟೆ. ರಕ್ತದ ಓಟ ನಿಂತರೆ ಮಿದುಳಿನ ಕೋಶಗಳು ಕೆಲವೇ ನಿಮಿಷಗಳಲ್ಲಿ ನಾಶವಾಗತೊಡಗುತ್ತವೆ. ಜಾಡಿಯಲ್ಲಿಟ್ಟ ಮಿದುಳು ಯೋಚಿಸುವುದು ಸಿನಿಮಾದಲ್ಲಿ ಮಾತ್ರ. ಬೇರೆ ಬೇರೆಯವರ ಅಂಗಗಳನ್ನು ಹೊಲಿದು ಸೇರಿಸಿದರೆ ದೇಹದ ರಕ್ಷಣಾ ವ್ಯವಸ್ಥೆ ಅವನ್ನು ಪರಕೀಯವೆಂದು ತಿರಸ್ಕರಿಸುತ್ತದೆ. 1954ರಲ್ಲಿ ಬಾಸ್ಟನ್ನಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾದದ್ದು, ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ.

ಆದರೂ ವಿದ್ಯುತ್ತಿಗೂ ಜೀವಕ್ಕೂ ನಂಟಿರುವುದು ಸುಳ್ಳಲ್ಲ. ಹೃದಯದ ಬಲ ಮೇಲ್ಕೋಣೆಯಲ್ಲಿರುವ ಚಿಕ್ಕದೊಂದು ಕೋಶಗುಚ್ಛ ಸಣ್ಣ ವಿದ್ಯುತ್ ಸಂಕೇತಗಳನ್ನು ಹೊರಡಿಸಿ ಬಡಿತಕ್ಕೆ ತಾಳ ಹಾಕುತ್ತದೆ. ಆ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪದಿದ್ದರೆ ಬಡಿತ ಅಪಾಯಕಾರಿಯಾಗಿ ನಿಧಾನವಾಗುತ್ತದೆ.

ಚಿತ್ರ ನೋಡಿದ ಬಾಲಕ

‘ಫ್ರಾಂಕನ್‌ಸ್ಟೈನ್’ ನೋಡಿದವರಲ್ಲಿ ಅಮೆರಿಕದ ಮಿನಿಯಾಪೊಲಿಸ್ ಬಳಿಯ ಬಾಲಕನೊಬ್ಬನಿದ್ದ. ಹೆಸರು ಅರ್ಲ್ ಬಾಕನ್. ಅವನನ್ನು ಸೆಳೆದದ್ದು ರಾಕ್ಷಸನಲ್ಲ, ವಿದ್ಯುತ್ತು. ವಿದ್ಯುತ್ತಿನಿಂದ ದೇಹಕ್ಕೆ ಏನು ಮಾಡಬಹುದೆಂಬ ಕುತೂಹಲ ಹುಟ್ಟಿದ್ದು ಆ ಚಿತ್ರದಿಂದಲೇ ಎಂದು ಅವನು ಮುಂದೆ ಹೇಳಿಕೊಂಡಿದ್ದಾನೆ. ಎಂಜಿನಿಯರಾಗಿ, 1949ರಲ್ಲಿ ಭಾವನೊಡನೆ ಗ್ಯಾರೇಜೊಂದರಲ್ಲಿ ಆಸ್ಪತ್ರೆಯ ಉಪಕರಣಗಳ ರಿಪೇರಿ ಶುರುಮಾಡಿದ.

1957ರಲ್ಲಿ ಬ್ರಿಟನ್ನಿನ ಹ್ಯಾಮರ್ ಸಂಸ್ಥೆ ‘ದಿ ಕರ್ಸ್ ಆಫ್ ಫ್ರಾಂಕನ್‌ಸ್ಟೈನ್’ ಎಂಬ ವರ್ಣಚಿತ್ರವನ್ನು ಬಿಡುಗಡೆ ಮಾಡಿತು. ಅಲ್ಲಿ ಪೀಟರ್ ಕುಶಿಂಗ್ ಅಭಿನಯಿಸಿದ ವಿಜ್ಞಾನಿ ಒಳ್ಳೆಯ ಮಿದುಳಿಗಾಗಿ ವೃದ್ಧ ಪ್ರಾಧ್ಯಾಪಕನೊಬ್ಬನನ್ನು ಕೊಲ್ಲಲೂ ಹೇಸುವುದಿಲ್ಲ. ಅದೇ ವರ್ಷದ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ನಲ್ಲಿ ಕರೆಂಟು ಹೋಯಿತು. ಅಲ್ಲಿನ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಮಕ್ಕಳ ಬಡಿತ ಕಾಯುತ್ತಿದ್ದುದು ಗೋಡೆಯ ಪ್ಲಗ್ಗಿಗೆ ತಗಲಿಸಿದ ದೊಡ್ಡ ಯಂತ್ರಗಳು. ಕರೆಂಟು ಹೋದರೆ ಅವೂ ನಿಂತುಹೋಗುವಂಥವು. ಶಸ್ತ್ರವೈದ್ಯ ಲಿಲ್ಲೆಹೈ, ಬಾಕನ್‌ನನ್ನು ಕರೆದು ಪರಿಹಾರ ಕೇಳಿದರು.

ಸಂಗೀತಾಭ್ಯಾಸಕ್ಕೆ ಲಯ ತೋರಿಸುವ ಮೆಟ್ರೊನೋಮ್‌ನ ಸರ್ಕ್ಯೂಟು ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದದ್ದು ಬಾಕನ್‌ಗೆ ನೆನಪಾಯಿತು. ನಾಲ್ಕು ವಾರಗಳಲ್ಲಿ ಎರಡು ಟ್ರಾನ್ಸಿಸ್ಟರ್ ಮತ್ತು ಬ್ಯಾಟರಿಯಿಂದ, ಕೊರಳಿಗೆ ತಗಲಿಸಿಕೊಳ್ಳಬಹುದಾದ ಪುಟ್ಟ ಪೆಟ್ಟಿಗೆ ತಯಾರಾಯಿತು. ನಾಯಿಯ ಮೇಲೆ ಪರೀಕ್ಷಿಸಲೆಂದು ಕೊಟ್ಟು ಹೋದ ಬಾಕನ್ ಮಾರನೆಯ ದಿನ ಬಂದು ನೋಡುತ್ತಾನೆ, ಅದು ಆಗಲೇ ಒಂದು ಮಗುವಿಗೆ ಜೋಡಿಸಲ್ಪಟ್ಟಿದೆ! ಕೈಲಿರುವ ಸಾಧನವನ್ನು ಬಳಸದೆ ಮಗುವನ್ನು ಕಳೆದುಕೊಳ್ಳಲು ವೈದ್ಯರು ತಯಾರಿರಲಿಲ್ಲ.

ಬ್ಯಾಟರಿಯಿಂದ ನಡೆಯುವ, ಹೊತ್ತು ತಿರುಗಬಹುದಾದ ಪೇಸ್‌ಮೇಕರ್ ಬಳಕೆಗೆ ಬಂದದ್ದು ಹೀಗೆ. ಬಾಕನ್ 1975ರಲ್ಲಿ ವಿದ್ಯುತ್ತು ಮತ್ತು ಜೀವದ ನಂಟನ್ನು ತಿಳಿಸುವ ವಸ್ತುಸಂಗ್ರಹಾಲಯವೊಂದನ್ನೂ ತನ್ನ ಊರಿನಲ್ಲಿ ಸ್ಥಾಪಿಸಿದ. 2018ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಅವನ ಎದೆಯೊಳಗೂ ಪೇಸ್‌ಮೇಕರ್ ಮಿಡಿಯುತ್ತಿತ್ತು.

ಹೆನ್ರಿಯ ಕೈಯಲ್ಲಿದ್ದುದೂ ವಿದ್ಯುತ್ತೇ, ಬಾಕನ್‌ನ ಕೈಯಲ್ಲಿದ್ದುದೂ ವಿದ್ಯುತ್ತೇ. ಒಬ್ಬ ತಾನು ಮಾಡಿದ್ದನ್ನು ಕತ್ತಲಲ್ಲಿ ಕೂಡಿಹಾಕಿ ಕೈತೊಳೆದುಕೊಂಡ. ಇನ್ನೊಬ್ಬ ಅದು ಹೇಗಿದೆಯೆಂದು ನೋಡಲು ಮಾರನೆಯ ದಿನ ಮರಳಿ ಬಂದ.