ಅಂಗಳದಲ್ಲಿ ಗಾಡಿ ಮಗುಚಿದರೆ

ಮಲೆನಾಡಿನ ಅಂಗಳಕ್ಕೆ ನಾಲ್ಕು ದಿನ ಮಳೆ ಹೊಡೆದರೆ ಸಾಕು, ಮಣ್ಣು ಹಿಟ್ಟಿನಂತಾಗುತ್ತದೆ. ಸಂಜೆ ಸೈಡ್ ಸ್ಟ್ಯಾಂಡ್ ಹಾಕಿ ಒಳಗೆ ಹೋಗಿರುತ್ತೇವೆ. ರಾತ್ರಿಯಿಡೀ ಸ್ಟ್ಯಾಂಡಿನ ತುದಿ ಒಂದೊಂದೇ ಅಂಗುಲ ಮಣ್ಣಿಗೆ ಇಳಿದು, ಬೆಳಗಾಗುವಷ್ಟರಲ್ಲಿ ಗಾಡಿ ಎಡಮಗ್ಗುಲಿಗೆ ಮಲಗಿರುತ್ತದೆ. ಇನ್ನೊಂದು ಬಗೆಯ ಬೀಳುವಿಕೆ ನಮ್ಮ ಕೈಯಲ್ಲೇ ಆಗುವಂಥದ್ದು. ಎಡಗಡೆ ನಿಂತು ಗಾಡಿಯನ್ನು ತಳ್ಳುವಾಗ ಅದು ನಮ್ಮ ಕಡೆ ವಾಲಿದರೆ ಸೊಂಟ ಕೊಟ್ಟು ತಡೆಯಬಹುದು. ಆಚೆ ಕಡೆ ವಾಲಿದರೆ ತಡೆಯಲಾಗದು. ಸ್ಪ್ಲೆಂಡರ್ ಪ್ಲಸ್ ತೂಕ 112 ಕಿಲೋ, ಕ್ಲಾಸಿಕ್ 350ರದ್ದು 195 ಕಿಲೋ. ಅಷ್ಟು ಭಾರ ಒಮ್ಮೆ ಆಚೆಗೆ ಜಾರಿತೆಂದರೆ ಹಿಡಿದೆಳೆಯಲು ಹೋಗಬೇಡಿ, ಬಿಟ್ಟುಬಿಡಿ. ಮುರಿದ ಲಿವರಿಗೆ ಬದಲಿ ಅಂಗಡಿಯಲ್ಲಿ ಸಿಗುತ್ತದೆ, ಉಳುಕಿದ ಬೆನ್ನು ತಿಂಗಳುಗಟ್ಟಲೆ ಕಾಡುತ್ತದೆ.

ಬಿದ್ದ ಕೂಡಲೇ ಕೀ ಆಫ್ ಮಾಡಿ. ಹಳೆಯ ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ನಲ್ಲಿಯನ್ನೂ ಮುಚ್ಚಿ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರದಿಂದ, ಕಾರ್ಬುರೇಟರಿನ ಕೊಳವೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿರಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರದೆ ನೆಲದ ಮೇಲೇ ಹರಿದು ಹೋಗುತ್ತದೆ. ಬೆಳಗಿನ ಹೊತ್ತು ಪಕ್ಕದಲ್ಲೇ ಬಚ್ಚಲ ಒಲೆ ಉರಿಯುತ್ತಿದ್ದರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಆರಿಸಿ, ಚೆಲ್ಲಿದ ಕಡೆ ಒಣ ಮಣ್ಣೋ ಮರಳೋ ಹಾಕಿ.

ಎತ್ತುವುದಕ್ಕೆ ಶಕ್ತಿಗಿಂತ ಕ್ರಮ ಮುಖ್ಯ. ಗಾಡಿಯನ್ನು ಮೊದಲ ಗೇರಿಗೆ ಹಾಕಿದರೆ ಚಕ್ರ ಉರುಳುವುದಿಲ್ಲ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆಳೆದಿಡಿ. ಹ್ಯಾಂಡಲನ್ನು ಬಿದ್ದ ಮಗ್ಗುಲಿನ ಕಡೆಗೇ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ನೆಲದ ಕಡೆಯ ಹಿಡಿಯನ್ನು, ಇನ್ನೊಂದರಲ್ಲಿ ಹಿಂದಿನ ಕಂಬಿಯನ್ನು ಹಿಡಿಯಿರಿ. ಬೆನ್ನು ನೆಟ್ಟಗಿರಲಿ. ಕಾಲಿನ ಬಲದಲ್ಲಿ ಏಳುತ್ತಾ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ಸರಿದರೆ ಗಾಡಿ ತಾನಾಗಿ ಎದ್ದು ಬರುತ್ತದೆ. ಬುಲೆಟ್ಟಿನಂಥ ಭಾರದ ಗಾಡಿಗೆ, ಪಾಚಿಗಟ್ಟಿದ ನೆಲಕ್ಕೆ ಇನ್ನೊಬ್ಬರನ್ನು ಕರೆಯುವುದೇ ಸರಿ.

ಎದ್ದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಮಲಗಿದ್ದಾಗ ಆಯಿಲ್ ಎಲ್ಲೆಲ್ಲಿಗೋ ಹರಿದಿರುತ್ತದೆ, ಹತ್ತು ನಿಮಿಷ ಬಿಟ್ಟರೆ ಮರಳಿ ಕೆಳಗಿಳಿಯುತ್ತದೆ. ಆಮೇಲೂ ಸ್ವಲ್ಪ ಹೊತ್ತು ನೀಲಿ ಹೊಗೆ ಬಂದರೆ ಹೆದರಬೇಕಿಲ್ಲ. ಆದರೆ ಕಿಕ್ಕರ್ ಗಟ್ಟಿಯಾಗಿ ನಿಂತು ಅಲುಗದಿದ್ದರೆ ಬಲವಂತ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ. ಇಂಜೆಕ್ಷನ್ ಇರುವ ಅನೇಕ ಹೊಸ ಗಾಡಿಗಳಲ್ಲಿ ವಾಲುವುದನ್ನು ಗುರುತಿಸುವ ಸೆನ್ಸರ್ ಇದೆ. ಗಾಡಿ ಬಿದ್ದಾಗ ಎಂಜಿನ್ ನಿಲ್ಲಿಸುವುದು ಅದರ ಕೆಲಸ. ಒಮ್ಮೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡದ ಹೊರತು ಅಂಥ ಗಾಡಿ ಸ್ಟಾರ್ಟ್ ಆಗದೇ ಇರಬಹುದು. ಕೆಟ್ಟುಹೋಯಿತೆಂದು ಗ್ಯಾರೇಜಿಗೆ ತಳ್ಳಿಕೊಂಡು ಹೋಗುವ ಮುನ್ನ ಇದನ್ನು ನೋಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನನ್ನ ಗಾಡಿ ಬಿದ್ದದ್ದು ಬಾವಿಕಟ್ಟೆಯ ಬಳಿ, ಹಾಸುಗಲ್ಲಿನ ಮೇಲೆ, ಬಲಮಗ್ಗುಲಿಗೆ. ಟ್ಯಾಂಕಿನ ಮೇಲೆ ಗೇಣುದ್ದದ ಗೀರು ಬಿದ್ದಿತ್ತು, ನನ್ನ ಕಣ್ಣೆಲ್ಲ ಅದರ ಮೇಲೆಯೇ. ಡಬಲ್ ಸ್ಟ್ಯಾಂಡ್ ಹಾಕಿ ಸ್ಟಾರ್ಟ್ ಮಾಡಿ ಎಕ್ಸಲರೇಟರ್ ಕೊಟ್ಟೆ. ಕೈ ಬಿಟ್ಟರೂ ಎಂಜಿನ್ ಸದ್ದು ಇಳಿಯಲಿಲ್ಲ. ಹ್ಯಾಂಡಲಿನ ತುದಿ ಕಲ್ಲಿಗೆ ಬಡಿದು ರಬ್ಬರ್ ಹಿಡಿ ಅಕ್ಕಿಕಾಳಿನಷ್ಟು ಒಳಕ್ಕೆ ಸರಿದು, ಸ್ವಿಚ್ಚಿನ ಡಬ್ಬಿಗೆ ಉಜ್ಜಿಕೊಂಡು ಅಲ್ಲೇ ಸಿಕ್ಕಿಕೊಂಡಿತ್ತು. ಗೇರಿನಲ್ಲಿದ್ದು ರಸ್ತೆಗಿಳಿದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಿಡಿಯನ್ನು ತಿರುಚಿ ಹೊರಕ್ಕೆಳೆದರೆ ಆಯಿತು, ಎರಡು ನಿಮಿಷದ ಕೆಲಸ. ಕಾಣುವ ಗೀರಿನಿಂದ ಯಾರಿಗೂ ಅಪಾಯವಿಲ್ಲ. ಕಾಣದ ಈ ಅಕ್ಕಿಕಾಳಿನಷ್ಟು ಸರಿತದಿಂದ ಇದೆ. ಪರೀಕ್ಷೆ ಹೀಗೆ: ಎಂಜಿನ್ ಆಫ್ ಇರುವಾಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ನೇರಕ್ಕೆ, ಪೂರ್ತಿ ಬಲಕ್ಕೆ ಇಟ್ಟು ಮೂರು ಕಡೆಯೂ ಎಕ್ಸಲರೇಟರ್ ತಿರುಗಿಸಿ ಬಿಡಿ. ಪ್ರತಿ ಸಲವೂ ಅದು ಟಪ್ಪೆಂದು ತಾನೇ ಹಿಂದಿರುಗಬೇಕು.

ಅದೇ ಹೊತ್ತಿಗೆ ಬ್ರೇಕ್ ನೋಡಿ. ಡಿಸ್ಕ್ ಬ್ರೇಕಿನ ಲಿವರ್ ಒತ್ತಿದರೆ ಗಟ್ಟಿಯಾಗಿ ನಿಲ್ಲಬೇಕು, ಸ್ಪಂಜಿನಂತೆ ಇಳಿದರೆ ಗಾಡಿ ಓಡಿಸಬೇಡಿ. ಬ್ರೇಕ್ ಆಯಿಲ್ ಸೋರಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಅದು ಬಣ್ಣವನ್ನು ತಿಂದುಹಾಕುತ್ತದೆ. ಬಾಗಿದ ಲಿವರನ್ನು ಪೈಪ್ ಹಾಕಿ ಹಿಂದಕ್ಕೆ ಬಗ್ಗಿಸುವುದನ್ನು ಎಲ್ಲೆಡೆ ಕಾಣುತ್ತೇವೆ. ಅದು ಎರಕದ ಅಲ್ಯೂಮಿನಿಯಂ. ಒಮ್ಮೆ ಬಾಗಿದ್ದು ಮತ್ತೆ ಬಾಗುವಾಗ ಒಳಗೇ ಬಿರುಕು ಬಿಡುತ್ತದೆ, ಮುಂದೊಂದು ದಿನ ಜೋರಾಗಿ ಬ್ರೇಕ್ ಹಿಡಿದಾಗಲೇ ಮುರಿಯುತ್ತದೆ. ಸಾಧಾರಣ ಗಾಡಿಗಳ ಲಿವರಿಗೆ ದೊಡ್ಡ ಬೆಲೆಯೇನಿಲ್ಲ, ಹೊಸದೇ ಹಾಕಿಸಿ.

ಗೇರ್ ಪೆಡಲ್ ಉಕ್ಕಿನದು, ಅದನ್ನು ಬಗ್ಗಿಸಬಹುದು. ಆದರೆ ಗಾಡಿಯಲ್ಲಿದ್ದಂತೆಯೇ ಸುತ್ತಿಗೆಯಿಂದ ಹೊಡೆದರೆ ಏಟೆಲ್ಲ ಒಳಗಿನ ಶಾಫ್ಟಿಗೆ ಬಿದ್ದು ಆಯಿಲ್ ಸೀಲ್ ಸೋರತೊಡಗುತ್ತದೆ. ಪೆಡಲ್ ಮತ್ತು ಶಾಫ್ಟ್ ಸೇರುವಲ್ಲಿ ಸುಣ್ಣದಿಂದಲೋ ಮಾರ್ಕರಿನಿಂದಲೋ ಒಂದು ಗೆರೆ ಎಳೆದು, ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆದು, ಪೆಡಲನ್ನು ಕಳಚಿ ವೈಸಿನಲ್ಲಿ ಹಿಡಿದು ನೆಟ್ಟಗೆ ಮಾಡಿ. ಗೆರೆಗೆ ಗೆರೆ ಕೂಡಿಸಿ ಮರಳಿ ಹಾಕಿದರೆ ಕಾಲಿಗೆ ಹಳೆಯ ಎತ್ತರವೇ ಸಿಗುತ್ತದೆ.

ನೇರ ಹೋಗುವಾಗ ಹ್ಯಾಂಡಲ್ ಒಂದು ಕಡೆ ತಿರುಗಿದಂತಿದ್ದರೆ ಫೋರ್ಕ್ ಬೆಂಡಾಯಿತೆಂದು ಗಾಬರಿಯಾಗುತ್ತೇವೆ. ನಿಂತಲ್ಲೇ ಬಿದ್ದ ಗಾಡಿಯಲ್ಲಿ ಫೋರ್ಕ್ ಪೈಪುಗಳು ಬರೀ ಹಿಡಿತದಲ್ಲಿ ತಿರುಚಿಕೊಂಡಿರುವುದೂ ಉಂಟು. ಮುಂದಿನ ಚಕ್ರದ ಆಕ್ಸಲ್ ನಟ್ಟನ್ನೂ ಪೈಪುಗಳನ್ನು ಬಿಗಿದ ಕೆಳಗಿನ ಬೋಲ್ಟುಗಳನ್ನೂ ತುಸು ಸಡಿಲಿಸಿ, ಚಕ್ರವನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು ಹ್ಯಾಂಡಲನ್ನು ತಿರುವಿ ನೇರ ಮಾಡಿ, ಮತ್ತೆ ಗಟ್ಟಿಯಾಗಿ ಬಿಗಿಯಬೇಕು. ಹೀಗೂ ಸರಿಹೋಗದಿದ್ದರೆ ಪೈಪೇ ಬಾಗಿದೆ, ಅದು ಮನೆಯ ಕೆಲಸವಲ್ಲ. ಕನ್ನಡಿ, ಇಂಡಿಕೇಟರ್ ಬದಲಿಸುವುದು ಯಾರಿಗಾದರೂ ಸಾಧ್ಯ. ಯಮಹಾ ಗಾಡಿಗಳಲ್ಲಿ ಮಾತ್ರ ಬಲಗನ್ನಡಿಯ ಮರೆ ಉಲ್ಟಾ ಇರುತ್ತದೆ, ನೋಡಿ ತಿರುಗಿಸಿ.

ಬಣ್ಣದ ಮಾತು ಕೊನೆಗೆ. ಗೀರಿನ ಮೇಲೆ ಉಗುರು ಅಡ್ಡ ಎಳೆದಾಗ ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲಿನ ಪಾರದರ್ಶಕ ಪದರ ಮಾತ್ರ ಹೋಗಿದೆ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಮಾಸುತ್ತದೆ. ಉಗುರು ಸಿಕ್ಕಿಕೊಂಡರೆ, ಅದರಲ್ಲೂ ತಗಡು ಕಂಡರೆ, ತಡಮಾಡಬೇಡಿ. ಮಳೆಗಾಲದಲ್ಲಿ, ಕರಾವಳಿಯ ಉಪ್ಪುಗಾಳಿಯಲ್ಲಿ ತುಕ್ಕು ಬೇಗ ಹತ್ತುತ್ತದೆ. ಸೋಪುನೀರಲ್ಲಿ ತೊಳೆದು ಒಣಗಿಸಿ, 2000 ನಂಬರಿನ ವಾಟರ್ ಪೇಪರನ್ನು ನೀರಲ್ಲಿ ಅದ್ದಿ ಅಂಚನ್ನು ಹಗುರಾಗಿ ಉಜ್ಜಿ, ತಗಡಿನ ಮೇಲೆ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಟಚ್‌ಅಪ್ ಬಣ್ಣವನ್ನು ಊದುಬತ್ತಿ ಕಡ್ಡಿಯ ತುದಿಯಲ್ಲಿ ತೆಳ್ಳಗೆ ಎರಡು ಮೂರು ಸಲ ಇಡಿ. ತಗ್ಗಾದ ಟ್ಯಾಂಕನ್ನು ಬೆಂಕಿಯಲ್ಲಿ ಕಾಯಿಸುವುದು, ಬೆಸುಗೆ ಹಾಕಿಸಲು ಕೊಡುವುದು ಬೇಡ. ಪೆಟ್ರೋಲ್ ಬಸಿದ ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿಯೇ ಸಿಡಿಯುವಂಥದ್ದು.

ಒಡೆದ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಎಬಿಎಸ್ ಎಂದು ಅಚ್ಚಾಗಿದ್ದರೆ ಅದೇ ಜಾತಿಯ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದ ಅಂಟಿನಿಂದ ಒಳಗಿನಿಂದಲೇ ಸೇರಿಸಬಹುದು. ಪಿಪಿ ಎಂದಿದ್ದರೆ ಆ ಅಂಟು ಹಿಡಿಯದು.

ಇನ್ಶೂರೆನ್ಸ್ ಕ್ಲೇಮ್ ಮಾಡಬೇಕೆ? ಒಂದು ವರ್ಷ ಕ್ಲೇಮಿಲ್ಲದೆ ಕಳೆದರೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡಾ 20, ಐದು ವರ್ಷ ಕಳೆದರೆ ಶೇಕಡಾ 50 ರಿಯಾಯಿತಿ ಇರುತ್ತದೆ. ಒಂದು ಲಿವರಿಗೂ ಕನ್ನಡಿಗೂ ಕ್ಲೇಮ್ ಮಾಡಿದರೆ ಆ ರಿಯಾಯಿತಿ ಹೋಗುತ್ತದೆ. ಚಿಕ್ಕ ಖರ್ಚನ್ನು ಕೈಯಿಂದ ಹಾಕುವುದೇ ಲಾಭ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲ ಹಿಡಿಯುವ ಮುನ್ನ ಗಾಡಿ ನಿಲ್ಲಿಸುವಲ್ಲಿ ಅಂಗೈಯಗಲದ ಚಪ್ಪಟೆ ಕಲ್ಲೊಂದನ್ನು ಹುಗಿದಿಡಿ, ಸ್ಟ್ಯಾಂಡಿನ ತುದಿ ಅದರ ಮೇಲೆ ಕೂರಲಿ. ಅಷ್ಟಾದರೂ ಗಾಡಿ ಬಿದ್ದರೆ, ಮೂರು ಕಡೆ ಎಕ್ಸಲರೇಟರ್ ತಿರುಗಿಸಿ ನೋಡುವವರೆಗೆ ಮಕ್ಕಳ ಕೈಗಾಗಲಿ ನೆರೆಯವರ ಕೈಗಾಗಲಿ ಕೀ ಕೊಡಬೇಡಿ.