ಅಂಕಗಳಿಂದ ನಾದಕ್ಕೆ: ಬಹುವಾಹಿನಿಯ ಪರಿವರ್ತಕವೂ ಅದರ ಕಾಲನಿಯಮವೂ

ಧ್ವನಿಮುದ್ರಣಶಾಲೆಯಲ್ಲಿ, ಎಂದರೆ ಸ್ಟುಡಿಯೊದಲ್ಲಿ, ಇಂದು ಗಾನವಾಗಲಿ ವಾದ್ಯವಾಗಲಿ ಹೆಚ್ಚಾಗಿ ಅಂಕಗಳ ರೂಪದಲ್ಲಿಯೇ ಸಂಗ್ರಹವಾಗುತ್ತದೆ. ಕಿವಿಯಾದರೋ ಅಂಕಗಳನ್ನು ಗ್ರಹಿಸಲಾರದು. ಅದಕ್ಕೆ ಬೇಕಾದುದು ವಾಯುವಿನ ಕಂಪನ. ಅಂಕರಾಶಿಯನ್ನು ವಿದ್ಯುತ್ತಿನ ಅಖಂಡವಾದ ಏರಿಳಿತವನ್ನಾಗಿ ಮಾರ್ಪಡಿಸಿ ಧ್ವನಿವರ್ಧಕಗಳ ಕಡೆಗೆ ಕಳುಹಿಸುವ ಯಂತ್ರಕ್ಕೆ ಡಿಜಿಟಲ್-ಅನಲಾಗ್ ಪರಿವರ್ತಕವೆಂದು ಹೆಸರು. ಒಂದೇ ಪೆಟ್ಟಿಗೆಯಲ್ಲಿ 8, 16 ಅಥವಾ 32 ವಾಹಿನಿಗಳುಳ್ಳದ್ದು ಬಹುವಾಹಿನಿಯ ಪರಿವರ್ತಕ. ಇದನ್ನು ಕೊಳ್ಳುವವರು ಸಾಮಾನ್ಯವಾಗಿ ಬಿಟ್ಟುಗಳ ಸಂಖ್ಯೆಯನ್ನು ವಿಚಾರಿಸುವರು. ಕಾಲದ ವಿಚಾರವನ್ನು ಕೇಳುವವರು ವಿರಳ. ವಾಹಿನಿಗಳು ಹಲವಾದಲ್ಲಿ ಮೊದಲು ಪರೀಕ್ಷಿಸತಕ್ಕದ್ದು ಕಾಲವನ್ನೇ ಎಂಬುದು ಮುಂದಿನ ನಿರೂಪಣೆಯಿಂದ ವಿದಿತವಾಗುವುದು.

ಇಲ್ಲಿ ಬಹುಕಾಲದಿಂದ ಬಂದಿರುವ ಒಂದು ಪೂರ್ವಪಕ್ಷವುಂಟು. ಅಂಕಗಳು ಬಿಡಿಬಿಡಿಯಾದುವು, ನಾದವು ಅವಿಚ್ಛಿನ್ನವಾದುದು. ಎರಡು ಅಂಕಗಳ ನಡುವೆ ಇದ್ದುದು ನಷ್ಟವಾಯಿತಾದುದರಿಂದ ಯಂತ್ರದಿಂದ ಹೊರಡುವುದು ಮೆಟ್ಟಿಲು ಮೆಟ್ಟಿಲಾದ ನಾದವೇ, ಎಂದು. ಇದು ಸಾಧುವಲ್ಲ. ನೈಕ್ವಿಸ್ಟನು 1928ರಲ್ಲಿ ತಂತಿವಾರ್ತೆಯ ವಿಚಾರವಾಗಿ ಸೂಚಿಸಿ, ಕೊಟೆಲ್ನಿಕೋವನು 1933ರಲ್ಲಿಯೂ ಶಾನನನು 1949ರಲ್ಲಿಯೂ ಸ್ಥಾಪಿಸಿದ ಸಿದ್ಧಾಂತವಿದು: ತರಂಗದಲ್ಲಿರುವ ಕಂಪನಗಳೆಲ್ಲವೂ ಮಾದರಿ ತೆಗೆಯುವ ವೇಗದ ಅರ್ಧಕ್ಕಿಂತ ಕಡಮೆಯಾಗಿದ್ದರೆ, ಆ ಮಾದರಿಗಳ ಮೂಲಕ ಹಾಯುವ ಅಂತಹ ತರಂಗವು ಒಂದೇ ಒಂದು. 1982ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಮಾದರಿಗಳು. ಮನುಷ್ಯನ ಕಿವಿಯ ಮಿತಿಯಾದರೋ ಸುಮಾರು 20,000 ಕಂಪನಗಳು. ಯಂತ್ರದ ಗರ್ಭದಲ್ಲಿ ಮೆಟ್ಟಿಲುಗಳು ಇರಬಹುದು. ಆದರೆ ಮೆಟ್ಟಿಲಿನ ಅಂಚುಗಳೆಂಬುವು ಆ ಅರ್ಧಕ್ಕಿಂತ ಮೇಲಣ ಕಂಪನಗಳಿಂದಲೇ ಆದುವು. ಕೊನೆಯಲ್ಲಿರುವ ಶೋಧಕವು ಅವನ್ನು ತೆಗೆದುಹಾಕುವುದರಿಂದ ಹೊರಬರುವುದು ನುಣುಪಾದ ತರಂಗ.

ಈ ಭ್ರಾಂತಿಯಿಂದ ಕಾರ್ಯದಲ್ಲಿಯೂ ಹಾನಿಯುಂಟು. ಅಂಕವೇ ತರಂಗದ ಶಿಖರವೆಂದು ತಿಳಿದವನು ಅಂಕಗಳನ್ನು ಗರಿಷ್ಠಮಿತಿಯವರೆಗೆ ಏರಿಸುತ್ತಾನೆ. ಆದರೆ ಶಿಖರವು ಎರಡು ಮಾದರಿಗಳ ನಡುವೆ ಇರಬಹುದು. ಮಾದರಿವೇಗದ ಕಾಲುಭಾಗದಷ್ಟು ಕಂಪನವುಳ್ಳ ಶುದ್ಧಸ್ವರದಲ್ಲಿ ಮಾದರಿಗಳು ಶಿಖರದ ಇಕ್ಕೆಲಗಳಲ್ಲಿ ಸಮದೂರದಲ್ಲಿ ಬಿದ್ದರೆ, ನಿಜವಾದ ಶಿಖರವು ಅಂಕಗಳಿಗಿಂತ 3 ಡೆಸಿಬೆಲ್ ಮೇಲಿರುತ್ತದೆ. ಅದಕ್ಕೆ ಅವಕಾಶವಿಲ್ಲದ ಪರಿವರ್ತಕದಲ್ಲಿ ನಾದವು ಒಡೆಯುತ್ತದೆ. ಯೂರೋಪಿನ ಪ್ರಸಾರಸಂಸ್ಥೆಗಳ ಒಕ್ಕೂಟವು 2010ರ ತನ್ನ ಶಿಫಾರಸಿನಲ್ಲಿ ನಿಜಶಿಖರವು ಮಿತಿಗಿಂತ 1 ಡೆಸಿಬೆಲ್ ಕೆಳಗಿರಬೇಕೆಂದುದು ಈ ಕಾರಣದಿಂದಲೇ.

ಬಿಟ್ಟುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್. 16ಕ್ಕೆ 98, 24ಕ್ಕೆ 146. ಈ ಕಡೆಯ ಸಂಖ್ಯೆಯು ಕಾಗದದ ಮೇಲಣದು. ಬಿಡಿಭಾಗಗಳ ಉಷ್ಣಜನ್ಯವಾದ ಸದ್ದೇ ಅದನ್ನು ಮುಟ್ಟಗೊಡದು.

ಇನ್ನು ಕಾಲ. ಛಂದಸ್ಸನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ; ಅಕ್ಷರಗಳೆಲ್ಲ ಶುದ್ಧವಾಗಿದ್ದರೂ ಮಾತ್ರೆ ತಪ್ಪಿದರೆ ಪದ್ಯವು ಕೆಡುವುದು. ಅಂಕವು ಸರಿಯಾಗಿದ್ದು ಅದು ಹೊರಬೀಳುವ ಕ್ಷಣವು ಅತ್ತಿತ್ತ ಅಲುಗಿದರೆ ಫಲವು ತಪ್ಪಾದ ಅಂಕದಂತೆಯೇ. ಈ ಅಲುಗಾಟವು ಸರಾಸರಿ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟಿದ್ದರೂ, 10,000 ಕಂಪನಗಳ ಪೂರ್ಣಬಲದ ಸ್ವರಕ್ಕೂ ಅದರಿಂದ ಹುಟ್ಟುವ ಕಲ್ಮಷಕ್ಕೂ ಅಂತರವು 84 ಡೆಸಿಬೆಲ್ ಮಾತ್ರ. 16 ಬಿಟ್ಟುಗಳ ಶುದ್ಧಿಯೂ ಅಲ್ಲಿ ಉಳಿಯದು.

ಎರಡು ಪೆಟ್ಟಿಗೆಗಳಿದ್ದು ಒಂದೊಂದೂ ತನ್ನ ಸ್ಫಟಿಕದ ಗಡಿಯಾರವನ್ನೇ ಅನುಸರಿಸಿದರೆ ಬೇರೊಂದು ದೋಷವು ಬರುತ್ತದೆ. ಗಡಿಯಾರಗಳ ವ್ಯತ್ಯಾಸವು ಹತ್ತು ಲಕ್ಷದಲ್ಲಿ 10 ಪಾಲು ಎಂದಿಟ್ಟುಕೊಂಡರೆ, ಒಂದು ಗಂಟೆಯಲ್ಲಿ ಅವು ಒಂದನ್ನೊಂದು 36 ಮಿಲಿಸೆಕೆಂಡು ಅಗಲುತ್ತವೆ; ಧ್ವನಿವರ್ಧಕವೊಂದನ್ನು 12 ಮೀಟರು ಹಿಂದಕ್ಕೆ ಸರಿಸಿದುದಕ್ಕೆ ಇದು ಸಮಾನ. ಎರಡಕ್ಕೂ ಅಂಕಗಳು ಒಂದೇ ಮೂಲದಿಂದ ಬರುತ್ತಿದ್ದರಂತೂ, 48,000ದ ವೇಗದಲ್ಲಿ ಸುಮಾರು ಎರಡು ಸೆಕೆಂಡಿಗೊಮ್ಮೆ ಅಂಕವೊಂದು ತಪ್ಪುವುದು ಅಥವಾ ಎರಡಾವರ್ತಿ ಬರುವುದು. ಆಗ ಚಟ್ಟೆಂಬ ಸದ್ದಾಗುವುದು. ಆದಕಾರಣ ಒಂದು ಗಡಿಯಾರವನ್ನು ಪ್ರಧಾನವಾಗಿಟ್ಟು, ವರ್ಡ್ ಕ್ಲಾಕ್ ಎಂಬ ಸಂಕೇತವನ್ನು 75 ಓಮಿನ ತಂತಿಯ ಮೂಲಕ ಉಳಿದುವಕ್ಕೆ ಒಯ್ದು, ತಂತಿಯ ಕೊನೆಯಲ್ಲಿ ಅಷ್ಟೇ ಓಮಿನ ತಡೆಯನ್ನು ಇಡತಕ್ಕುದು. ಪರಿವರ್ತಕವು ಒಂದೇ ಆಗಿದ್ದಲ್ಲಿ ಅದರ ಒಳಗಡಿಯಾರವನ್ನೇ ಪ್ರಮಾಣವಾಗಿಡುವುದು ಲೇಸು. ಬೆಲೆಯುಳ್ಳ ಹೊರಗಡಿಯಾರವನ್ನು ಜೋಡಿಸಿದ ಮಾತ್ರದಿಂದ ನಾದವು ಉತ್ತಮವಾಗುವುದೆಂಬುದು ವರ್ತಕರ ಮಾತು.

ಗಡಿಯಾರವು ಒಂದೇ ಆದರೂ ಎರಡು ಜಾತಿಯ ಪರಿವರ್ತಕಗಳನ್ನು ಬೆರಸುವುದು ಉಚಿತವಲ್ಲ. ಒಂದೊಂದರ ಶೋಧಕಕ್ಕೂ ಒಂದೊಂದು ವಿಳಂಬವುಂಟು. ವಾಹಿನಿಗಳನ್ನು ಅನಲಾಗ್ ಮಿಶ್ರಣಯಂತ್ರದಲ್ಲಿ ಕೂಡಿಸುವ ಶಾಲೆಯಲ್ಲಿ, ಒಂದೇ ನಾದವು ಎರಡು ದಾರಿಗಳಿಂದ ಸಮಬಲವಾಗಿ ಬಂದು 10 ಮಾದರಿಗಳಷ್ಟು ಹಿಂದುಮುಂದಾದರೆ, 2,400 ಕಂಪನಗಳ ಸ್ವರವು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಕಂಠದ ಸ್ಫುಟತೆಗೆ ಆಧಾರವಾದ ಪ್ರದೇಶವೇ ಅದು. ಕಾರಣವನ್ನರಿಯದ ತಂತ್ರಜ್ಞನು ಗಾಯಕನ ಕಂಠವೇ ಕುಂದಿದೆಯೆಂದೆಣಿಸಿ ಅಲ್ಲಿ ಬಲವನ್ನು ಕೂಡಿಸುವನು. ಶಾಲೆಯ ದೋಷಕ್ಕೆ ಮಾಡಿದ ಆ ಚಿಕಿತ್ಸೆಯು ಮುದ್ರಿಕೆಯಲ್ಲಿ ನಿಂತು ಕೇಳುವವರ ಮನೆಮನೆಗೂ ಹೋಗುವುದು.

ಕಾಲದ ತರುವಾಯ ಬಲದ ಸಾಮ್ಯ. ಅಮೆರಿಕದ ವಾಡಿಕೆಯಂತೆ ಹೊಂದಿಸಿದ ಪೆಟ್ಟಿಗೆಯು ಪೂರ್ಣ ಅಂಕಕ್ಕೆ ಸುಮಾರು 12.3 ವೋಲ್ಟು ಕೊಟ್ಟರೆ, ಯೂರೋಪಿನ ವಾಡಿಕೆಯದು 6.15. ಇವೆರಡೂ ಒಂದೇ ಶಾಲೆಯಲ್ಲಿ ಸೇರಿದರೆ ಅರ್ಧ ವಾಹಿನಿಗಳು 6 ಡೆಸಿಬೆಲ್ ಹೆಚ್ಚು ಮೊಳಗುವುವು. ಐದು ಧ್ವನಿವರ್ಧಕಗಳ ಏರ್ಪಾಟಿನಲ್ಲಿ ಒಂದು ಎದುರಿಗೆ, ಎರಡು 30 ಅಂಶಗಳಲ್ಲಿ, ಎರಡು ಸುಮಾರು 110 ಅಂಶಗಳಲ್ಲಿ ನಿಲ್ಲತಕ್ಕುವು. ಅವುಗಳೊಳಗೆ ಒಂದೊಂದಕ್ಕೂ ಪಿಂಕ್ ನಾಯ್ಸ್ ಎಂಬ ಪರೀಕ್ಷಾಧ್ವನಿಯನ್ನು ಬೇರೆಬೇರೆಯಾಗಿ ಕೊಟ್ಟು, ಕೇಳುವವನ ಆಸನದಲ್ಲಿಯೇ ಮಾಪಕವನ್ನಿಟ್ಟು ಅಳೆಯಬೇಕು. ಕೊಠಡಿಯ ಇಕ್ಕಟ್ಟಿನಿಂದ ಒಂದು ವರ್ಧಕವು ಹತ್ತಿರವಾಗಿದ್ದರೆ, ಪ್ರತಿ 34 ಸೆಂಟಿಮೀಟರಿಗೆ 1 ಮಿಲಿಸೆಕೆಂಡಿನಂತೆ ಅದರ ವಾಹಿನಿಗೆ ವಿಳಂಬವನ್ನು ಕೂಡಿಸತಕ್ಕುದು.

ಈ ಪರೀಕ್ಷೆಯನ್ನು ಆರಂಭಿಸುವಾಗ ಮೊದಲು ಪರಿವರ್ತಕಕ್ಕೆ ವಿದ್ಯುತ್ತನ್ನು ಕೊಟ್ಟು, ಅದು ಪ್ರಧಾನ ಗಡಿಯಾರಕ್ಕೆ ಕಟ್ಟುಬಿದ್ದುದನ್ನು ದೀಪದಿಂದ ತಿಳಿದ ಮೇಲೆಯೇ ಧ್ವನಿವರ್ಧಕಗಳನ್ನು ಎಚ್ಚರಿಸಬೇಕು. ಆರಿಸುವಾಗ ವರ್ಧಕಗಳೇ ಮೊದಲು.