ಅರಬ್ಬೀ ಸಮುದ್ರದ ಗಾಳಿ ಮತ್ತು ಪ್ರವಾಹಗಳು: 1498ರ ಒಂದು ನೌಕಾಯಾತ್ರೆಯ ದೃಷ್ಟಿಯಿಂದ

ವಾಸ್ಕೊ ಡ ಗಾಮನು 1498ರ ಏಪ್ರಿಲ್ 24ರಂದು ಆಫ್ರಿಕದ ಪೂರ್ವತೀರದ ಮಲಿಂದಿಯನ್ನು ಬಿಟ್ಟು, ಮೇ 18ರಂದು ಮಲಬಾರಿನ ಬೆಟ್ಟಗಳನ್ನು ಕಂಡನು. ಅರಬ್ಬೀ ಸಮುದ್ರವನ್ನು ದಾಟಲು ಹಿಡಿದುದು 24 ದಿನ. ಅದೇ ವರ್ಷ ಅಕ್ಟೋಬರ್ 5ರಂದು ಕಾರವಾರದ ಸಮೀಪದ ಅಂಜದೀವದಿಂದ ಹಿಂದಿರುಗಿ ಹೊರಟವನಿಗೆ ಮೊಗದಿಶುವಿನ ತೀರ ಕಾಣಿಸಿದುದು 1499ರ ಜನವರಿ 2ರಂದು. ಎಂದರೆ 89 ದಿನಗಳ ತರುವಾಯ. ಹಡಗುಗಳೂ ಅವೇ, ನಾವಿಕರೂ ಅವರೇ. ಈ ಎರಡನೆಯ ದಾಟುವಿಕೆಯಲ್ಲಿ 30 ಮಂದಿ ಸತ್ತರೆಂದು ಆ ಯಾತ್ರೆಯಲ್ಲಿದ್ದವನೊಬ್ಬನು ಬರೆದಿಟ್ಟ ದಿನಚರಿಯಿಂದ ತಿಳಿದುಬರುತ್ತದೆ. ತರಗತಿಯಲ್ಲಿ ನಾವು ಕಲ್ಲಿಕೋಟೆಯನ್ನು ಮುಟ್ಟಿದ ತಾರೀಖನ್ನು ಹೇಳಿ ಮುಂದಕ್ಕೆ ಸಾಗುತ್ತೇವೆ. ಮರಳಿದ ತಾರೀಖನ್ನು ಯಾರೂ ಕೇಳುವುದಿಲ್ಲ. ನಾವೂ ಬಹುಕಾಲ ಹೇಳಿರಲಿಲ್ಲ. ಆದರೆ ಈ 24 ಮತ್ತು 89ರ ಅಂತರಕ್ಕೆ ಕಾರಣವನ್ನು ಅರಸಿದರೆ ರಾಜಕೀಯ ಚರಿತ್ರೆಯಷ್ಟೇ ಸಾಲದು, ಗಾಳಿಯ ಗತಿಯನ್ನೂ ಅರಿಯಬೇಕಾಗುತ್ತದೆ.

ಗಾಳಿಗೆ ಮೂಲ ಸೂರ್ಯನ ತಾಪ. ವಿಷುವದ್ರೇಖೆಯ ಬಳಿ ಕಾದ ಗಾಳಿ ಹಗುರವಾಗಿ ಮೇಲೇರಿ, ಎತ್ತರದಲ್ಲಿ ಉತ್ತರ ದಕ್ಷಿಣಗಳಿಗೆ ಹರಿದು, ಸುಮಾರು 30 ಡಿಗ್ರಿ ಅಕ್ಷಾಂಶದಲ್ಲಿ ಕೆಳಗಿಳಿದು, ನೆಲದ ಮೇಲೆ ಮರಳಿ ವಿಷುವದ್ರೇಖೆಯತ್ತ ಬೀಸುತ್ತದೆ. ಭೂಮಿ ನಿಶ್ಚಲವಾಗಿದ್ದರೆ ಈ ಗಾಳಿ ನೇರವಾಗಿ ಉತ್ತರದಿಂದ, ಇಲ್ಲವೆ ದಕ್ಷಿಣದಿಂದ ಬರುತ್ತಿತ್ತು. ಭೂಮಿ ತಿರುಗುತ್ತಿದೆ. ವಿಷುವದ್ರೇಖೆಯ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ಸಾಗಿದರೆ, 60 ಡಿಗ್ರಿ ಅಕ್ಷಾಂಶದಲ್ಲಿ ಆ ವೇಗ ಅದರ ಅರ್ಧ. ಕಡಮೆ ವೇಗದ ಪ್ರದೇಶದಿಂದ ಹೆಚ್ಚು ವೇಗದ ಪ್ರದೇಶಕ್ಕೆ ಬಂದ ಗಾಳಿ ನೆಲಕ್ಕಿಂತ ಹಿಂದೆ ಬೀಳುತ್ತದೆ. ನೆಲದ ಮೇಲೆ ನಿಂತವನಿಗೆ ಅದು ಪೂರ್ವದಿಂದ ಬೀಸುವಂತೆ ತೋರುತ್ತದೆ. 1735ರಲ್ಲಿ ಜಾರ್ಜ್ ಹ್ಯಾಡ್ಲಿ ಕೊಟ್ಟ ವಿವರಣೆಯ ಸಾರ ಇದು. ಯಾವ ದಿಕ್ಕಿಗೆ ಹೊರಟ ಗಾಳಿಯಾದರೂ ಉತ್ತರಾರ್ಧಗೋಳದಲ್ಲಿ ಬಲಕ್ಕೆ, ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ ಓರೆಯಾಗುತ್ತದೆಂಬುದು 19ನೆಯ ಶತಮಾನದಲ್ಲಿ ಖಚಿತವಾಯಿತು. ಹೀಗೆ ಉತ್ತರದಲ್ಲಿ ಈಶಾನ್ಯದಿಂದಲೂ ದಕ್ಷಿಣದಲ್ಲಿ ಆಗ್ನೇಯದಿಂದಲೂ ವಾಣಿಜ್ಯ ಮಾರುತಗಳು ಬೀಸುತ್ತವೆ. 30 ಡಿಗ್ರಿಯಿಂದ ಧ್ರುವಗಳ ಕಡೆಗೆ ಸಾಗಿದರೆ ಪಶ್ಚಿಮ ಮಾರುತಗಳ ರಾಜ್ಯ.

ಗಾಮನು ಆಫ್ರಿಕದ ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ಹೋಗಲಿಲ್ಲವೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಲ್ಲಿ ಆಗ್ನೇಯ ಮಾರುತ ಎದುರು; ತೀರದುದ್ದಕ್ಕೂ ಉತ್ತರಕ್ಕೆ ಹರಿಯುವ ತಣ್ಣನೆಯ ಬೆಂಗ್ವೆಲ ಪ್ರವಾಹವೂ ಎದುರು. 1497ರ ಆಗಸ್ಟ್ 3ರಂದು ಕೇಪ್ ವರ್ಡ್ ದ್ವೀಪಗಳನ್ನು ಬಿಟ್ಟ ಅವನು ಅಟ್ಲಾಂಟಿಕ್ಕಿನ ನಡುವಿಗೆ ದೊಡ್ಡ ಬಳಸು ಹಾಕಿ, ದಕ್ಷಿಣದ ಪಶ್ಚಿಮ ಮಾರುತವನ್ನು ಹಿಡಿದು, ನವೆಂಬರ್ 4ರಂದು ಮತ್ತೆ ನೆಲವನ್ನು ಕಂಡನು. ಕೊಲಂಬಸನು ಕ್ಯಾನರಿ ದ್ವೀಪಗಳಿಂದ ಹೊರಟು ನೆಲ ಕಂಡುದು 36 ದಿನಗಳಲ್ಲಿ ಎಂಬುದನ್ನು ನೆನೆದರೆ ಇದೆಷ್ಟು ದೊಡ್ಡ ಸಾಹಸವೆಂಬುದು ತಿಳಿಯುತ್ತದೆ. ಗುಡ್ ಹೋಪ್ ಭೂಶಿರವನ್ನು ಬಳಸಿದ ಮೇಲೆ, ಡಿಸೆಂಬರಿನಲ್ಲಿ, ಅಗುಲ್ಹಾಸ್ ಪ್ರವಾಹ ಎದುರಾಯಿತು. ಗಾಳಿ ಸೋತಾಗ ಹಡಗುಗಳು ಹಿಂದಕ್ಕೆ ಕೊಚ್ಚಿಹೋಗಿ, ದಾಟಿ ಬಂದ ಸ್ಥಳವನ್ನೇ ಮತ್ತೆ ಸೇರಿದುವು. ಸಾಗರದ ಪಶ್ಚಿಮದ ಅಂಚಿನಲ್ಲಿ ಪ್ರವಾಹಗಳು ಕಿರಿದಾಗಿ ರಭಸವಾಗುವುದೇಕೆಂಬುದಕ್ಕೆ ಸಮರ್ಪಕವಾದ ಉತ್ತರ ದೊರೆತುದು 1948ರಲ್ಲಿ, ಹೆನ್ರಿ ಸ್ಟೊಮೆಲನಿಂದ.

ಇನ್ನು ನಮ್ಮ ಸಮುದ್ರಕ್ಕೆ ಬರೋಣ. ಬೇರೆ ಸಾಗರಗಳಲ್ಲಿ ಗಾಳಿಯ ದಿಕ್ಕು ಬಹುಮಟ್ಟಿಗೆ ಸ್ಥಿರ; ಇಲ್ಲಿ ಅದು ವರ್ಷಕ್ಕೆರಡು ಬಾರಿ ತಿರುಗುತ್ತದೆ. ಉತ್ತರದಲ್ಲಿ ಏಷ್ಯದ ಮಹಾಭೂಭಾಗವಿರುವುದೇ ಇದಕ್ಕೆ ಕಾರಣ. ಬೇಸಗೆಯಲ್ಲಿ ಆ ನೆಲ ಕಾದು, ಗಾಳಿ ಮೇಲೇರುವ ವಲಯವು ವಿಷುವದ್ರೇಖೆಯನ್ನು ಬಿಟ್ಟು ಉತ್ತರಕ್ಕೆ ಸರಿಯುತ್ತದೆ. ಅದನ್ನು ಅರಸಿ ದಕ್ಷಿಣದ ಆಗ್ನೇಯ ಮಾರುತ ರೇಖೆಯನ್ನು ದಾಟುತ್ತದೆ. ದಾಟಿದೊಡನೆ ಬಲಕ್ಕೆ ಓರೆಯಾಗಿ ನೈಋತ್ಯ ಮಾರುತವೆನಿಸುತ್ತದೆ. ನಮ್ಮ ರೈತನ ಮುಂಗಾರು ಇದೇ. ಚಳಿಗಾಲದಲ್ಲಿ ನೆಲ ತಣಿದಾಗ ಗಾಳಿ ಈಶಾನ್ಯದಿಂದ ಕಡಲಿನತ್ತ ಬೀಸುತ್ತದೆ. ಇವೆರಡರ ನಡುವೆ, ಅಕ್ಟೋಬರಿನಲ್ಲಿ, ಹಳೆಯದು ಹೋಗಿ ಹೊಸದು ನೆಲೆಗೊಳ್ಳದ ಒಂದು ಸಂಧಿಕಾಲವುಂಟು. ನಮ್ಮ ಕಥೆಗೆ ಮುಖ್ಯವಾದುದು ಇದು.

ನೀರೂ ಗಾಳಿಯನ್ನು ಅನುಸರಿಸುತ್ತದೆ, ಆದರೆ ನೇರವಾಗಿ ಅಲ್ಲ. 1893ರಿಂದ 1896ರವರೆಗೆ ನಡೆದ ಯಾತ್ರೆಯಲ್ಲಿ ಫ್ರಾಮ್ ಹಡಗಿನಲ್ಲಿ ಆರ್ಕ್ಟಿಕ್ ಸಾಗರದಲ್ಲಿ ತೇಲಿದ ನಾನ್ಸೆನ್ನನು ಹಿಮಗಡ್ಡೆಗಳು ಗಾಳಿಯ ದಾರಿಗೆ ಬಲಕ್ಕೆ ಸರಿಯುವುದನ್ನು ಕಂಡನು. 1905ರಲ್ಲಿ ಎಕ್ಮನ್ನನು ಅದನ್ನು ಗಣಿತದಿಂದ ವಿವರಿಸಿದನು. ಸೊಮಾಲಿಯದ ತೀರದಲ್ಲಿ ನೈಋತ್ಯ ಮಾರುತ ಕರಾವಳಿಗೆ ಸಮಾನಾಂತರವಾಗಿ ಬೀಸುವಾಗ ಮೇಲಿನ ನೀರು ಬಲಕ್ಕೆ, ಎಂದರೆ ನಡುಗಡಲಿಗೆ, ಸರಿಯುತ್ತದೆ. ಆಳದ ತಣ್ಣೀರು ಮೇಲೇಳುತ್ತದೆ. ಮೀನು ಅಲ್ಲಿ ಹುಲುಸು. ಆ ತೀರದ ಸೊಮಾಲಿ ಪ್ರವಾಹವಂತೂ ಬೇಸಗೆಯಲ್ಲಿ ಈಶಾನ್ಯಕ್ಕೆ ಅತಿರಭಸದಿಂದ ಹರಿದು, ಚಳಿಗಾಲದಲ್ಲಿ ತಿರುಗಿ ನೈಋತ್ಯಕ್ಕೆ ಹರಿಯುತ್ತದೆ.

ಇದನ್ನು ಯುರೋಪಿನವರು ಕಂಡುಹಿಡಿದರೆನ್ನುವಂತಿಲ್ಲ. ಮಾನ್ಸೂನ್ ಎಂಬ ಮಾತೇ ಋತುವೆಂಬರ್ಥದ ಅರಬ್ಬೀ ಮೌಸಿಮ್ ಶಬ್ದದಿಂದ ಬಂದುದು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ಪ್ಲಿನಿಯು ಕೆಂಪು ಸಮುದ್ರದ ಬಾಗಿಲಿನಿಂದ ಮುಜಿರಿಸಿಗೆ 40 ದಿನದ ಪಯಣವೆಂದು ಬರೆದಿದ್ದಾನೆ. ಗಾಮನಿಗೆ ದಾರಿ ತೋರಿಸಿದವನು ಮಲಿಂದಿಯಲ್ಲಿ ದೊರೆತ ಮಾರ್ಗದರ್ಶಿ. ಅವನೇ ಪ್ರಸಿದ್ಧ ಅರಬ್ ನಾವಿಕ ಇಬ್ನ್ ಮಾಜಿದ್ ಎಂಬ ಮಾತು ನಮ್ಮಲ್ಲಿ ಈಗಲೂ ಕೇಳಿಬರುತ್ತದೆ. ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಅವನು ಯಾರೇ ಆಗಿರಲಿ, ಏಪ್ರಿಲ್ ಕೊನೆಯೆಂದರೆ ಗಾಳಿ ಅನುಕೂಲವಾಗಿ, ಇನ್ನೂ ಉಗ್ರವಾಗದ ಕಾಲವೆಂಬುದನ್ನು ಬಲ್ಲವನು.

ಹಿಂದಿರುಗುವಾಗ ಆ ಅರಿವನ್ನು ಕೇಳುವ ಸ್ಥಿತಿ ಇರಲಿಲ್ಲ. ಸುಂಕ ಮತ್ತು ಒತ್ತೆಯಾಳುಗಳ ವಿಷಯದಲ್ಲಿ ಸಾಮೂದಿರಿಯೊಡನೆ ಮನಸ್ತಾಪವಾಗಿ ಆಗಸ್ಟ್ 29ರಂದು ಗಾಮನು ಕಲ್ಲಿಕೋಟೆಯನ್ನು ಬಿಟ್ಟನು. ದುರ್ಬಲವಾದ ನೆಲಗಾಳಿ ಕಡಲಗಾಳಿಗಳನ್ನು ನಂಬಿ ತೀರದುದ್ದಕ್ಕೂ ತೆವಳಿ, ಸೆಪ್ಟೆಂಬರಿನ ನಡುವೆ ಒಂದು ದ್ವೀಪದಲ್ಲಿ ಸಾಂತ ಮರಿಯ ಹೆಸರಿನ ಕಂಬ ನೆಟ್ಟನು. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪವೇ ಅದೆಂದು ಗುರುತಿಸುವುದು ರೂಢಿ. ಅಂಜದೀವದಲ್ಲಿ ಹಡಗುಗಳ ತಳ ತಿಕ್ಕಿ, ನೀರು ತುಂಬಿಕೊಂಡು, ಸಂಧಿಕಾಲದಲ್ಲಿಯೇ ಹಾಯಿ ಬಿಚ್ಚಿದನು. ಆರೇಳು ವಾರ ಅಲ್ಲಿಯೇ ತಡೆದಿದ್ದರೆ ಈಶಾನ್ಯ ಮಾರುತ ಬೆನ್ನಿಗಿರುತ್ತಿತ್ತು. ಶತ್ರುಭಯದಲ್ಲಿದ್ದವನಿಗೆ ಆ ತಾಳ್ಮೆ ಸಾಧ್ಯವಿತ್ತೆ ಎಂಬುದು ಬೇರೆ ಮಾತು. ಅವನನ್ನು ಮೂರ್ಖನೆನ್ನಲು ನಮಗೆ ಮನಸ್ಸಿಲ್ಲ.

ಗಾಳಿ ನಿಂತಿತು, ಬೀಸಿದಾಗ ಎದುರು ಬೀಸಿತು. ಹಣ್ಣು ತರಕಾರಿಗಳಿಲ್ಲದೆ ನಾವಿಕರ ವಸಡುಗಳು ಹಲ್ಲನ್ನು ಮುಚ್ಚುವಂತೆ ಬಾತು, ಕೈಕಾಲು ಊದಿಕೊಂಡುವು. ಸ್ಕರ್ವಿಗೆ ನಿಂಬೆ ಕಿತ್ತಳೆಗಳು ಮದ್ದೆಂದು ಜೇಮ್ಸ್ ಲಿಂಡ್ ಪ್ರಯೋಗದಿಂದ ತೋರಿಸಿದುದು 1747ರಲ್ಲಿ. ಕೊನೆಗೆ ಪ್ರತಿ ಹಡಗಿನಲ್ಲಿ ಕೆಲಸಕ್ಕೆ ಉಳಿದವರು ಏಳೆಂಟು ಮಂದಿ. ಅನುಕೂಲವಾದ ಗಾಳಿ ಬಾರದೆ ಇನ್ನೆರಡು ವಾರ ಕಳೆದಿದ್ದರೆ ಹಡಗು ನಡೆಸುವವರೇ ಇರುತ್ತಿರಲಿಲ್ಲವೆಂಬುದು ದಿನಚರಿಕಾರನ ಅಭಿಪ್ರಾಯ. ಆಳುಗಳು ಸಾಲದೆ ಸಾವ್ ರಫಾಯೆಲ್ ಹಡಗನ್ನು ಮೊಂಬಾಸದ ಬಳಿ ಸುಟ್ಟುಬಿಟ್ಟರು.

ಮರುವರ್ಷ ಬಂದ ಕಬ್ರಾಲನು 1500ರ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಯನ್ನು ಮುಟ್ಟಿದನು. ಅವನಿಗೂ ಸಾಮೂದಿರಿಗೂ ಕಾದಾಟವೇ ನಡೆಯಿತು. ಆದರೂ ಅವನು ಮಲಬಾರನ್ನು ಬಿಟ್ಟುದು 1501ರ ಜನವರಿಯಲ್ಲಿ, ಈಶಾನ್ಯ ಮಾರುತ ನೆಲೆಗೊಂಡ ಮೇಲೆ. ಫೆಬ್ರವರಿಯಲ್ಲಿ ಅವನ ಹಡಗುಗಳು ಆಫ್ರಿಕದ ತೀರದಲ್ಲಿದ್ದುವು.